ಯಾರ ಉಸಿರಿಗೆ ಯಾವ ಮಿತಿ?

ಹೊಸ ಮನೆಗೆ ಒಂದು ವಾಸನೆಯುಂಟು. ಗೃಹಪ್ರವೇಶಕ್ಕೆ ಬಂದ ಬಂಧುಗಳು ಹೊಸ್ತಿಲು ದಾಟುತ್ತಲೇ ಅದನ್ನು ಗುರುತಿಸಿ, “ಬಣ್ಣ ಇನ್ನೂ ಆರಿಲ್ಲ” ಎನ್ನುತ್ತಾರೆ. ದೋಷವೆಲ್ಲ ಬಣ್ಣದ ತಲೆಗೆ ಬರುತ್ತದೆ. ಆದರೆ ಆ ವಾಸನೆಯಲ್ಲಿ ಬಣ್ಣದ ಜೊತೆಗೆ ಮರೆಯಲ್ಲಿ ನಿಂತ ಇನ್ನೊಬ್ಬ ಪಾಲುದಾರನಿದ್ದಾನೆ. ಅವನೇ ಅಂಟು. ಮರದ ನೆಲಹಾಸಿನ ಕೆಳಗೆ, ಪ್ಲೈವುಡ್ಡಿನ ಪದರಗಳ ನಡುವೆ, ಅಡುಗೆಮನೆಯ ಕಪಾಟಿಗೆ ಮೆತ್ತಿದ ಮೈಕಾ ಹಾಳೆಯ ಹಿಂದೆ, ಪಿವಿಸಿ ಕೊಳವೆಗಳ ಕೀಲುಗಳಲ್ಲಿ, ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವಣ ಸಂದನ್ನು ಮುಚ್ಚಿದ ಸೀಲೆಂಟಿನಲ್ಲಿ, ಹೀಗೆ ಮನೆಯ ಮೂಲೆಮೂಲೆಯಲ್ಲಿಯೂ ಅವನು ಅಡಗಿದ್ದಾನೆ.

ಅಂಟು ಹಚ್ಚುವಾಗ ಮೆತ್ತಗಿರಬೇಕು. ಹಚ್ಚಿದ ಮೇಲೆ ಗಟ್ಟಿಯಾಗಬೇಕು. ಈ ಪರಸ್ಪರ ವಿರುದ್ಧವಾದ ಎರಡು ಗುಣಗಳನ್ನು ಒಂದೇ ವಸ್ತುವಿಗೆ ಕೊಡುವ ಹಳೆಯ ಉಪಾಯವೆಂದರೆ ದ್ರಾವಕವನ್ನು ಬೆರೆಸುವುದು. ದ್ರಾವಕವು ಅಂಟನ್ನು ತೆಳುವಾಗಿಸುತ್ತದೆ. ಕೆಲಸ ಮುಗಿದೊಡನೆ ತಾನು ಆವಿಯಾಗಿ ಹೊರಟುಹೋಗುತ್ತದೆ. ಹೋಗುವುದಾದರೂ ಎಲ್ಲಿಗೆ? ಮೊದಲು ಅಂಟು ಹಚ್ಚುವವನ ಮೂಗಿಗೆ, ಬಳಿಕ ಕೋಣೆಯ ಗಾಳಿಗೆ, ಕಟ್ಟಕಡೆಗೆ ಊರಿನ ಬಾನಿಗೆ. ಹೀಗೆ ಸುಲಭವಾಗಿ ಆವಿಯಾಗುವ ಇಂಗಾಲದ ಸಂಯುಕ್ತಗಳಿಗೆ ವಿಓಸಿ ಎಂಬ ಹೆಸರು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಇವುಗಳಿಗೆ ಮಿತಿಯನ್ನು ಹಾಕದ ಮುಂದುವರಿದ ದೇಶವಿಲ್ಲ ಎನ್ನಬಹುದು. ಆದರೆ ಆ ಮಿತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದವರಿಗೆ ತಲೆ ತಿರುಗದಿರದು. ಲಾಸ್ ಏಂಜಲೀಸಿನ ನಿಯಮ ಲೀಟರಿಗೆ ಇಷ್ಟು ಗ್ರಾಂ ಎನ್ನುತ್ತದೆ. ಜರ್ಮನಿಯ ಗುರುತುಚೀಟಿ ಘನ ಮೀಟರ್ ಗಾಳಿಗೆ ಇಷ್ಟು ಮೈಕ್ರೋಗ್ರಾಂ ಎನ್ನುತ್ತದೆ. ಜಪಾನು ನಕ್ಷತ್ರಗಳನ್ನು ಎಣಿಸುತ್ತದೆ; ಫ್ರಾನ್ಸು ಶಾಲೆಯ ಮಕ್ಕಳಿಗೆ ಕೊಡುವಂತೆ ಎ, ಬಿ, ಸಿ ಎಂದು ದರ್ಜೆ ಕೊಡುತ್ತದೆ. ಒಂದೇ ಸೀಲೆಂಟ್ ಒಂದು ಊರಿನಲ್ಲಿ ತೇರ್ಗಡೆಯಾಗಿ ಇನ್ನೊಂದು ಊರಿನಲ್ಲಿ ನಪಾಸಾಗುವುದುಂಟು. ಹಾಗೆಂದು ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಪ್ರತಿಯೊಂದು ಮಿತಿಯೂ ಬೇರೆಬೇರೆ ಜನರ ಉಸಿರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದೆ. ಅದು ಯಾರ ಉಸಿರೆಂಬುದನ್ನು ತಿಳಿಯದೆ ಅಂಕಿಯನ್ನು ಮಾತ್ರ ಓದುವುದು, ಕಾಯಿಲೆಯನ್ನು ಕೇಳದೆ ಔಷಧದ ಪ್ರಮಾಣವನ್ನು ಓದಿದಂತೆ.

ಬಾನಿನ ಲೆಕ್ಕ

1943ರ ಜುಲೈ 26ರಂದು ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಸುವ ಹೊಗೆಮಂಜು ಕವಿಯಿತು. ಯುದ್ಧಕಾಲವಾದುದರಿಂದ ಶತ್ರುಗಳು ವಿಷಾನಿಲವನ್ನು ಬಿಟ್ಟರೆಂದು ಹೆದರಿದವರೂ ಇದ್ದರು. ಕೃತಕ ರಬ್ಬರಿಗೆ ಬೇಕಾದ ಬ್ಯುಟಡೈಯೀನ್ ತಯಾರಿಸುವ ಕಾರ್ಖಾನೆಯೊಂದರ ಮೇಲೆ ಅಪವಾದ ಬಂದು, ಅದನ್ನು ಕೆಲಕಾಲ ಮುಚ್ಚಿಸಿದ್ದೂ ಆಯಿತು. ಹೊಗೆಮಂಜು ಮಾತ್ರ ಹೋಗಲಿಲ್ಲ.

ರಹಸ್ಯವನ್ನು ಬಿಡಿಸಿದವನು ಆರೀ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞ. ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಅನಾನಸಿನ ಪರಿಮಳವನ್ನು ವಿಶ್ಲೇಷಿಸುತ್ತಿದ್ದ ಆತ, ಅದೇ ವಿದ್ಯೆಯನ್ನು ನಗರದ ಗಾಳಿಗೆ ಪ್ರಯೋಗಿಸಿದ. ಇಂಗಾಲದ ಆವಿಗಳೂ ವಾಹನಗಳಿಂದ ಹೊರಡುವ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿ ಓಝೋನನ್ನು ಹುಟ್ಟಿಸುತ್ತವೆಯೆಂಬುದನ್ನು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ. ಎತ್ತರದಲ್ಲಿದ್ದರೆ ಭೂಮಿಗೆ ಕೊಡೆಯಾಗುವ ಓಝೋನು ನೆಲಮಟ್ಟದಲ್ಲಿ ಶ್ವಾಸಕೋಶಕ್ಕೆ ಶತ್ರು.

ಅಪರಾಧಿಗಳ ಪಟ್ಟಿಯಲ್ಲಿ ಮೊದಲು ಬಂದುದು ಮೋಟಾರುಗಾಡಿ, ಬಳಿಕ ಬಣ್ಣ, ಕ್ರಮೇಣ ಅಂಟಿನ ಸರದಿಯೂ ಬಂತು. ದಕ್ಷಿಣ ಕ್ಯಾಲಿಫೋರ್ನಿಯಾದ ವಾಯುಗುಣ ನಿರ್ವಹಣಾ ಜಿಲ್ಲೆಯು 1989ರಲ್ಲಿ ಅಂಟು ಮತ್ತು ಸೀಲೆಂಟುಗಳಿಗೆ 1168ನೆಯ ನಿಯಮವನ್ನು ಮಾಡಿತು. 2005ರ ತಿದ್ದುಪಡಿಯಲ್ಲಿದ್ದ ಮಿತಿಗಳು ಇಂದಿಗೂ ಲೋಕಪ್ರಸಿದ್ಧವಾಗಿವೆ. ಲೀಟರಿಗೆ ಕಟ್ಟಡದ ಸೀಲೆಂಟಿಗೆ 250 ಗ್ರಾಂ, ಒಳಾಂಗಣದ ರತ್ನಗಂಬಳಿಯ ಅಂಟಿಗೆ 50, ಸೆರಾಮಿಕ್ ಟೈಲ್ಸ್ ಅಂಟಿಗೆ 65, ಮರದ ನೆಲಹಾಸಿನ ಅಂಟಿಗೆ 100, ಪಿವಿಸಿ ಕೊಳವೆಯ ಅಂಟಿಗೆ 510. ಮುಂದೆ 2017ರಲ್ಲಿಯೂ 2022ರಲ್ಲಿಯೂ ನಿಯಮವನ್ನು ಮತ್ತೆ ತಿದ್ದಿ ಬಿಗಿಗೊಳಿಸಲಾಯಿತು.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಟೈಲ್ಸ್ ಅಂಟಿಗೆ 65, ಕೊಳವೆಯ ಅಂಟಿಗೆ 510 ಎಂದರೆ ಎರಡನೆಯದರ ಆವಿ ಸೌಮ್ಯವೆಂದು ಅರ್ಥವಲ್ಲ. ಪಿವಿಸಿ ಕೊಳವೆಗಳನ್ನು ಕೂಡಿಸುವುದೇ ದ್ರಾವಕ. ಅದು ಪ್ಲಾಸ್ಟಿಕ್ಕಿನ ಮೈಯನ್ನು ಕರಗಿಸಿ ಎರಡನ್ನು ಒಂದಾಗಿಸುತ್ತದೆ. ದ್ರಾವಕವನ್ನು ತೆಗೆದರೆ ಅಂಟೇ ಇಲ್ಲ. ಆದುದರಿಂದ ಮಿತಿಯೂ ಸಡಿಲ. ಇದು ವೈದ್ಯರು ಹಾಕಿದ ಗೆರೆಯಲ್ಲ. ಕೈಗೂಡುವಷ್ಟನ್ನು ಕೇಳುವ ಎಂಜಿನಿಯರನು ಹಾಕಿದ ಗೆರೆ.

ಲೆಕ್ಕದ ಕ್ರಮದಲ್ಲಿಯೂ ಒಂದು ಜಾಣತನವಿದೆ. ನೀರನ್ನು ಬೆರೆಸಿ ಲೀಟರಿನ ಅಳತೆಯನ್ನು ಹಿಗ್ಗಿಸಿದರೆ ಪ್ರಯೋಜನವಾಗದು. ಹಾಲಿನಿಂದ ನೀರನ್ನು ಕಳೆದು ಜಿಡ್ಡನ್ನು ಅಳೆಯುವಂತೆ, ನೀರನ್ನು ಕಳೆದೇ ವಿಓಸಿಯನ್ನು ಅಳೆಯುತ್ತಾರೆ. ಯೂರೋಪಿನ ಒಕ್ಕೂಟ 2004ರಲ್ಲಿ ಬಣ್ಣಗಳಿಗೆ ಮಾಡಿದ ಶಾಸನದಲ್ಲಿ ಹೀಗಿಲ್ಲ. ಅಲ್ಲಿ ಡಬ್ಬಿಯಲ್ಲಿರುವ ನೀರೂ ಅಳತೆಗೆ ಸೇರುತ್ತದೆ. ಎರಡೂ ಕಡೆ ‘ಲೀಟರಿಗೆ ಗ್ರಾಂ’ ಎಂಬ ಮಾತು ಒಂದೇ. ಲೀಟರು ಮಾತ್ರ ಬೇರೆ. ಆ ಶಾಸನವು ಅಂಟುಗಳನ್ನು ಮುಟ್ಟಿಯೂ ಇಲ್ಲ.

ಇನ್ನೂ ದೊಡ್ಡ ಮಾತೊಂದಿದೆ. ಹೊಗೆಮಂಜನ್ನು ಹುಟ್ಟಿಸದ ಆವಿಯನ್ನು ಅಮೆರಿಕದ ಲೆಕ್ಕ ವಿಓಸಿ ಎಂದೇ ಪರಿಗಣಿಸುವುದಿಲ್ಲ. ಬಿಸಿಲಿನಲ್ಲಿ ನಿಧಾನವಾಗಿ ವರ್ತಿಸುವುದೆಂಬ ಕಾರಣದಿಂದ ಅಸಿಟೋನಿಗೆ 1995ರಲ್ಲಿ ವಿನಾಯಿತಿ ದೊರೆಯಿತು. ಬಾನಿನ ದೃಷ್ಟಿಯಿಂದ ಇದು ಸರಿ. ಆದರೆ ಬಾನಿಗೆ ನಿರಪಾಯವಾದದ್ದು ಎದೆಗೂ ನಿರಪಾಯವಾಗಬೇಕೆಂದಿಲ್ಲ. ಪ್ಯಾರಾಕ್ಲೋರೋಬೆಂಜೋಟ್ರೈಫ್ಲೋರೈಡ್ ಎಂಬ ಉದ್ದ ಹೆಸರಿನ ದ್ರಾವಕವೂ ಇದೇ ವಿನಾಯಿತಿಯ ಬಾಗಿಲಿನಿಂದ ಅಂಟಿನ ಡಬ್ಬಿಯೊಳಕ್ಕೆ ಬಂತು. ಅದು ಕ್ಯಾನ್ಸರನ್ನು ಉಂಟುಮಾಡಬಲ್ಲುದೆಂಬ ವಿಚಾರ ಸ್ಪಷ್ಟವಾದ ಮೇಲೆ, 2022ರ ತಿದ್ದುಪಡಿ ಅದನ್ನು ಹಂತಹಂತವಾಗಿ ಹೊರಹಾಕುವ ಕ್ರಮವನ್ನು ಕೈಗೊಂಡಿತು. ಬಾನನ್ನು ಕಾಯಲು ಕರೆತಂದ ಅತಿಥಿಯನ್ನು ಮನುಷ್ಯನನ್ನು ಕಾಯಲು ಹೊರಗಟ್ಟಬೇಕಾಯಿತು.

ಕೋಣೆಯ ಲೆಕ್ಕ

ಜರ್ಮನಿಯ ಕತೆ ಇದಕ್ಕೆ ತಿರುಗುಮುರುಗು. ಅಲ್ಲಿ ಮೊದಲು ಕಣ್ಣಿಗೆ ಬಿದ್ದವನು ಕೆಲಸಗಾರ. ನೆಲಕ್ಕೆ ಹಾಸು ಅಂಟಿಸುವವನು ಮೊಣಕಾಲೂರಿ, ಮುಖವನ್ನು ಅಂಟಿನ ಸಮೀಪಕ್ಕೆ ತಂದು, ದಿನವಿಡೀ ಆವಿಯನ್ನು ಕುಡಿಯುತ್ತಾನೆ. ಬೆಂಕಿಯ ಭಯ ಬೇರೆ. ದ್ರಾವಕ ಹೆಚ್ಚಾಗಿರುವ ನೆಲದ ಅಂಟುಗಳ ಬದಲು ನೀರಿನಲ್ಲಿ ಕಲಸಿದ ಅಂಟುಗಳನ್ನು ಬಳಸಬೇಕೆಂದು ತಾಂತ್ರಿಕ ನಿಯಮವಾಯಿತು. ಆ ನಿಯಮದ ಪ್ರಕಾರ ‘ದ್ರಾವಕ’ವೆಂದರೆ 200 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯುವ ದ್ರವ.

ತಯಾರಕರು ನಿಯಮವನ್ನು ಪಾಲಿಸಿದರು. ಬೇಗ ಕುದಿಯುವ ದ್ರವವನ್ನು ತೆಗೆದು, ಅದರ ಜಾಗದಲ್ಲಿ 200 ಡಿಗ್ರಿಗಿಂತ ಮೇಲೆ ಕುದಿಯುವ ಗ್ಲೈಕಾಲ್ ಜಾತಿಯ ದ್ರವಗಳನ್ನು ಹಾಕಿದರು. ಕೆಲಸಗಾರನ ತಲೆನೋವು ತಗ್ಗಿತು. ಆದರೆ ನಿಧಾನವಾಗಿ ಕುದಿಯುವುದು ನಿಧಾನವಾಗಿಯೇ ಹೊರಡುತ್ತದೆಯಷ್ಟೆ! ಮೊದಲಾದರೆ ಕೆಲವು ದಿನಗಳಲ್ಲಿ ಹಾರಿಹೋಗುತ್ತಿದ್ದ ಆವಿ ಈಗ ನೆಲಹಾಸಿನ ಕೆಳಗೆ ಕುಳಿತು, ತಿಂಗಳುಗಟ್ಟಲೆ ಇಷ್ಟಿಷ್ಟೇ ಮೇಲೆದ್ದು ಬರತೊಡಗಿತು. ಕಾಗದದ ಮೇಲೆ ‘ದ್ರಾವಕರಹಿತ’ವಾದ ಅಂಟು, ಮನೆಯಲ್ಲಿ ಮುಗಿಯದ ವಾಸನೆ. ಕೆಲಸಗಾರನ ಹೊರೆ ಮನೆಯವರ ಹೆಗಲಿಗೆ ದಾಟಿತ್ತು.

ಈ ಅನುಭವದಿಂದಲೇ 1997ರಲ್ಲಿ ಜರ್ಮನಿಯ ಅಂಟು ತಯಾರಕರ ಒಂದು ಕೂಟ ಎಮಿಕೋಡ್ ಎಂಬ ಗುರುತನ್ನು ಆರಂಭಿಸಿತು. ಡಬ್ಬಿಯೊಳಗೆ ಏನಿದೆಯೆಂದು ಕೇಳುವುದನ್ನು ಬಿಟ್ಟು, ಹಚ್ಚಿದ ಮೇಲೆ ಏನು ಹೊರಬರುತ್ತದೆಯೆಂದು ಕೇಳುವುದೇ ಇದರ ಮರ್ಮ. ಅಂಟಿನ ಮಾದರಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಗಾಳಿಯನ್ನು ಹಾಯಿಸಿ, 3ನೆಯ ದಿನವೂ 28ನೆಯ ದಿನವೂ ಅಳೆಯುತ್ತಾರೆ. ‘ಇಸಿ1’ ಎಂಬ ದರ್ಜೆಗೆ ಒಟ್ಟು ವಿಓಸಿ ಘನ ಮೀಟರ್ ಗಾಳಿಯಲ್ಲಿ 3ನೆಯ ದಿನ 1000 ಮೈಕ್ರೋಗ್ರಾಂ ಮೀರಬಾರದು. 28ನೆಯ ದಿನ 100 ಮೀರಬಾರದು. ‘ಇಸಿ1 ಪ್ಲಸ್’ ಎಂಬ ಮೇಲ್ದರ್ಜೆಗೆ ಈ ಮಿತಿಗಳು 750 ಮತ್ತು 60.

ಸರಕಾರಗಳೂ ಇದೇ ದಾರಿಯನ್ನು ಹಿಡಿದವು. ಕಟ್ಟಡದ ವಸ್ತುಗಳ ಆರೋಗ್ಯ ಪರಿಣಾಮವನ್ನು ನೋಡುವ ಜರ್ಮನಿಯ ಸಮಿತಿ 28ನೆಯ ದಿನದ ಒಟ್ಟು ಮಿತಿಯನ್ನು 1000 ಮೈಕ್ರೋಗ್ರಾಂ ಎಂದಿಟ್ಟಿತು. ಕ್ಯಾನ್ಸರುಕಾರಕಗಳಿಗೆ ಕೇವಲ 1. ಒಟ್ಟು ಮೊತ್ತದಲ್ಲಿ ತೇರ್ಗಡೆಯಾದರೂ ಸಾಲದು. ಒಂದೊಂದು ದ್ರವ್ಯಕ್ಕೂ ಪ್ರತ್ಯೇಕ ಪಟ್ಟಿಯುಂಟು. ಬೆಲ್ಜಿಯಂ 2015ರ ಜನವರಿಯಿಂದ ನೆಲಹಾಸು ಮತ್ತು ಅದರ ಅಂಟುಗಳಿಗೆ ಅದೇ 1000ದ ಮಿತಿಯನ್ನು ಕಡ್ಡಾಯ ಮಾಡಿತು.

ಫ್ರಾನ್ಸಿನ ಮಾರ್ಗ ಬೇರೆ. 2011ರ ಆದೇಶದಂತೆ ಅಲ್ಲಿ ಡಬ್ಬಿಯ ಮೇಲೆ ದರ್ಜೆಯನ್ನು ಮುದ್ರಿಸುವುದು ಕಡ್ಡಾಯ. ಒಟ್ಟು ವಿಓಸಿ 1000ಕ್ಕಿಂತ ಕಡಿಮೆಯಾದರೆ ಎ ಪ್ಲಸ್, 1500ಕ್ಕಿಂತ ಕಡಿಮೆಯಾದರೆ ಎ, 2000ಕ್ಕಿಂತ ಕಡಿಮೆಯಾದರೆ ಬಿ; ಅದಕ್ಕೂ ಮೇಲಾದರೆ ಸಿ. ಇದರ ಜೊತೆಗೆ ಫಾರ್ಮಾಲ್ಡಿಹೈಡ್ ಮೊದಲಾದ 10 ದ್ರವ್ಯಗಳನ್ನೂ ಅಳೆದು, ಎಲ್ಲಕ್ಕಿಂತ ಕೆಟ್ಟ ಅಂಕವನ್ನೇ ಒಟ್ಟು ದರ್ಜೆಯಾಗಿ ಬರೆಯುತ್ತಾರೆ. ಬೆಂಜೀನಿನಂಥ ನಾಲ್ಕು ದ್ರವ್ಯಗಳನ್ನು ಮಾತ್ರ ನಿಷೇಧಿಸಲಾಗಿದೆ. ಉಳಿದಂತೆ ಸಿ ದರ್ಜೆಯ ಸರಕನ್ನೂ ಮಾರಬಹುದು. ಆಯ್ಕೆಯ ಭಾರ ಕೊಳ್ಳುವವನದು.

ಹಾಗಾದರೆ ಜರ್ಮನಿಯ ತಯಾರಕರ ‘ಇಸಿ1 ಪ್ಲಸ್’ ಗುರುತಿಗೂ ಫ್ರಾನ್ಸಿನ ‘ಎ ಪ್ಲಸ್’ ದರ್ಜೆಗೂ ಇರುವ ಅಂತರವೆಷ್ಟು? ಒಂದಕ್ಕೆ 60, ಇನ್ನೊಂದಕ್ಕೆ 1000. ಎರಡರ ಮೇಲೆಯೂ ‘ಪ್ಲಸ್’ ಇದೆ. ಒಟ್ಟು ಆವಿಯ ಮಿತಿಯಲ್ಲಿ ಹದಿನಾರು ಪಟ್ಟಿಗೂ ಮಿಗಿಲಾದ ವ್ಯತ್ಯಾಸವೂ ಇದೆ.

ಇಲ್ಲದ ಕೋಣೆಯೊಂದರ ವರ್ಣನೆ

ಯೂರೋಪಿನ ಈ ಅಂಕಿಗಳೆಲ್ಲ ಒಂದು ಕಲ್ಪಿತ ಕೋಣೆಯ ಗಾಳಿಗೆ ಸಂಬಂಧಿಸಿದವು. ಅದರ ಉದ್ದ 4 ಮೀಟರ್, ಅಗಲ 3, ಎತ್ತರ ಎರಡೂವರೆ. ಒಟ್ಟು 30 ಘನ ಮೀಟರ್. ಒಂದು ಬಾಗಿಲು, ಒಂದು ಕಿಟಕಿ. ಒಳಗಿನ ಉಷ್ಣತೆ ಸದಾ 23 ಡಿಗ್ರಿ, ತೇವಾಂಶ ನೂರಕ್ಕೆ 50. ಪ್ರತಿ ಎರಡು ಗಂಟೆಗೊಮ್ಮೆ ಕೋಣೆಯ ಗಾಳಿಯಷ್ಟೂ ಬದಲಾಗುತ್ತದೆ. ಸೀಲೆಂಟಿಗೆ ಈ ಕೋಣೆಯಲ್ಲಿ ದೊರೆಯುವ ಜಾಗ 0.2 ಚದರ ಮೀಟರ್. ಎಂದರೆ ಒಂದು ಸೆಂಟಿಮೀಟರ್ ಅಗಲದ ಸಂದು 20 ಮೀಟರ್ ಉದ್ದ.

ಈಗ ಬಾನಿನ ಲೆಕ್ಕವನ್ನೂ ಕೋಣೆಯ ಲೆಕ್ಕವನ್ನೂ ತಕ್ಕಡಿಗೆ ಹಾಕಿ ನೋಡಬಹುದು. ಲೀಟರಿಗೆ 250 ಗ್ರಾಂ ಎಂಬ ಮಿತಿಯಲ್ಲಿ, 300 ಮಿಲಿಲೀಟರಿನ ಒಂದು ಸೀಲೆಂಟ್ ಕೊಳವೆ 75 ಗ್ರಾಂ ವಿಓಸಿಯನ್ನು ಹೊಂದಿರಬಹುದು. ಅತ್ತ ಕಲ್ಪಿತ ಕೋಣೆಯಲ್ಲಿ ಗಂಟೆಗೆ 15 ಘನ ಮೀಟರ್ ಗಾಳಿ ಬದಲಾಗುವುದರಿಂದ, 100 ಮೈಕ್ರೋಗ್ರಾಂ ಮಿತಿಯೊಳಗಿರಬೇಕಾದರೆ ಗಂಟೆಗೆ ಒಂದೂವರೆ ಮಿಲಿಗ್ರಾಂ ಮಾತ್ರ ಹೊರಬರಬೇಕು. ಅದೇ ವೇಗದಲ್ಲಿ 75 ಗ್ರಾಂ ಹೊರಹೋಗಬೇಕಾದರೆ 50,000 ಗಂಟೆ, ಎಂದರೆ ಐದೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕು!

ನಿಜವಾಗಿ ನಡೆಯುವುದು ಹಾಗಲ್ಲ. ಬೇಗ ಹಾರುವ ದ್ರಾವಕವಾದರೆ ಅದರ ಬಹುಭಾಗ ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ಹೊರಟುಹೋಗುತ್ತದೆ. ಬಾನಿನ ಲೆಕ್ಕ ಅಷ್ಟನ್ನೂ ಎಣಿಸುತ್ತದೆ; ಯಾವಾಗ, ಯಾರ ಮುಂದೆ ಹೊರಟಿತೆಂದು ಕೇಳುವುದಿಲ್ಲ. ಕೋಣೆಯ ಲೆಕ್ಕ 28ನೆಯ ದಿನ ಉಳಿದ ಬಾಲವನ್ನು ಹಿಡಿಯುತ್ತದೆ. 3ನೆಯ ದಿನಕ್ಕೆ ಮೊದಲು ಹೋದ ತಲೆಯನ್ನು ನೋಡುವುದಿಲ್ಲ. ಈ ಕೊರತೆಯನ್ನು ಅರಿತು, ಅಮೆರಿಕದಲ್ಲಿ ಹುಟ್ಟಿದ ಲೀಡ್ ಎಂಬ ಹಸಿರು ಕಟ್ಟಡ ಪದ್ಧತಿ 2013ರ ಆವೃತ್ತಿಯಿಂದ ಈಚೆಗೆ ಡಬ್ಬಿಯೊಳಗಿನದನ್ನೂ ಹೊರಸೂಸುವುದನ್ನೂ ಎರಡನ್ನೂ ಕೇಳತೊಡಗಿತು.

ನಕ್ಷತ್ರಗಳ ದೇಶ

ಜಪಾನಿನವರು ಎಲ್ಲ ಆವಿಗಳನ್ನೂ ಒಟ್ಟುಗೂಡಿಸುವ ಗೊಡವೆಗೆ ಹೋಗದೆ, ಒಂದು ಶತ್ರುವನ್ನು ಗುರಿಯಿಟ್ಟರು. 1990ರ ದಶಕದಲ್ಲಿ ಗಾಳಿಯಾಡದಂತೆ ಬಿಗಿಯಾಗಿ ಕಟ್ಟಿದ ಹೊಸ ಮನೆಗಳಲ್ಲಿ ಕಣ್ಣುರಿ, ತಲೆನೋವು, ಗಂಟಲುಕೆರೆತಗಳ ದೂರು ಹೆಚ್ಚಿತು. ‘ಸಿಕ್ ಹೌಸ್’ ಎಂಬ ಹೆಸರೇ ಅಲ್ಲಿ ಮನೆಮಾತಾಯಿತು. ಪ್ಲೈವುಡ್ ಮತ್ತು ಅಂಟುಗಳಿಂದ ಹೊರಡುವ ಫಾರ್ಮಾಲ್ಡಿಹೈಡಿನ ಮೇಲೆ ಮುಖ್ಯವಾಗಿ ಸಂಶಯ ಬಿತ್ತು.

2003ರ ಜುಲೈ 1ರಿಂದ ಜಾರಿಗೆ ಬಂದ ಕಟ್ಟಡ ಕಾನೂನಿನ ತಿದ್ದುಪಡಿ, ಒಳಾಂಗಣದ ವಸ್ತುಗಳಿಗೆ ನಕ್ಷತ್ರಗಳನ್ನು ಕೊಟ್ಟಿತು. ಗಂಟೆಗೆ ಚದರ ಮೀಟರಿನಿಂದ 5 ಮೈಕ್ರೋಗ್ರಾಂ ಮೀರದೆ ಹೊರಸೂಸುವುದಕ್ಕೆ ನಾಲ್ಕು ನಕ್ಷತ್ರ. ಅದನ್ನು ಎಷ್ಟು ಬೇಕಾದರೂ ಬಳಸಬಹುದು. 20ರವರೆಗಿನದಕ್ಕೆ ಮೂರು, 120ರವರೆಗಿನದಕ್ಕೆ ಎರಡು. ಇವುಗಳನ್ನು ಕೋಣೆಯ ಅಳತೆಗೆ ತಕ್ಕಷ್ಟು ಮಾತ್ರ ಬಳಸಬೇಕು. 120ಕ್ಕೆ ಮೀರಿದುದಕ್ಕೆ ವಾಸದ ಕೋಣೆಯೊಳಗೆ ಪ್ರವೇಶವೇ ಇಲ್ಲ. ಅಷ್ಟೇ ಅಲ್ಲ, ಗಾಳಿ ಬದಲಿಸುವ ಯಂತ್ರವ್ಯವಸ್ಥೆಯನ್ನೂ ಮನೆಗಳಿಗೆ ಕಡ್ಡಾಯ ಮಾಡಲಾಯಿತು. ಅಂಟನ್ನೂ ಕಿಟಕಿಯನ್ನೂ ಒಟ್ಟಿಗೆ ಯೋಚಿಸಿದುದು ಈ ಕಾನೂನಿನ ಹೆಚ್ಚುಗಾರಿಕೆ. ಆದರೆ ನಾಲ್ಕು ನಕ್ಷತ್ರಗಳು ಸಾಕ್ಷಿ ಹೇಳುವುದು ಫಾರ್ಮಾಲ್ಡಿಹೈಡಿನ ವಿಷಯದಲ್ಲಿ ಮಾತ್ರ. ಟೊಲ್ವೀನ್, ಕ್ಸೈಲೀನ್‌ಗಳ ಮಾತಿಗೆ ಅವು ಮೌನ.

ಚೀನದವರು 2020ರ ಡಿಸೆಂಬರಿನಿಂದ ಅಂಟುಗಳಿಗೆ ಕಡ್ಡಾಯ ಮಿತಿಗಳನ್ನು ಜಾರಿಗೆ ತಂದರು. ಅಲ್ಲಿನದು ಮತ್ತೆ ಡಬ್ಬಿಯೊಳಗಿನ ಲೆಕ್ಕ. ನೀರಿನಲ್ಲಿ ಕಲಸಿದ ಅಂಟಿಗೆ ಲೀಟರಿನ ಅಳತೆ. ಸಿಲಿಕೋನ್, ಪಾಲಿಯುರೆಥೇನ್ ಮುಂತಾದ ದ್ರಾವಕವಿಲ್ಲದ ಜಾತಿಗೆ ಕಿಲೋಗ್ರಾಮಿನ ಅಳತೆ.

ಲೆಕ್ಕಕ್ಕೆ ಸಿಗದವನು

ಬಾನಿಗೆ ಒಂದು ಮಿತಿಯಾಯಿತು, ಮನೆಯವರಿಗೆ ಒಂದು ಮಿತಿಯಾಯಿತು. ಅಂಟು ಹಚ್ಚುವವನಿಗೆ? 28ನೆಯ ದಿನದ ಪರೀಕ್ಷೆ ನಡೆಯುವ ಹೊತ್ತಿಗೆ ಅವನು ನಾಲ್ಕಾರು ಮನೆಗಳನ್ನು ಮುಗಿಸಿ ಮುಂದೆ ಹೋಗಿರುತ್ತಾನೆ. 3ನೆಯ ದಿನವೂ ಅವನು ಅಲ್ಲಿರುವುದಿಲ್ಲ. ಅವನ ಪಾಲಿಗೆ ಪ್ರತಿದಿನವೂ ಮೊದಲನೆಯ ದಿನವೇ.

ಅಪಾಯ ಊಹೆಯದಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಯಲ್ಲಿಯೇ ಕುಳಿತು ಚಪ್ಪಲಿಗೆ ಅಂಟು ಹಚ್ಚುತ್ತಿದ್ದ ಕೆಲಸಗಾರರ ಕೈಕಾಲುಗಳು ಜೋಮು ಹಿಡಿದು ಶಕ್ತಿಗುಂದಿದವು. ಅಂಟಿನಲ್ಲಿದ್ದ ಹೆಕ್ಸೇನ್ ಎಂಬ ದ್ರಾವಕ ನರಗಳನ್ನು ಕೆಡಿಸಿತ್ತು. ಪಾಲಿಯುರೆಥೇನ್ ಅಂಟುಗಳಲ್ಲಿರುವ ಡೈಐಸೋಸಯನೇಟುಗಳು ಬೇರೊಂದು ಬಗೆಯವು. ವಿಓಸಿಯ ಒಟ್ಟು ಅಂಕಿಯಲ್ಲಿ ಅವುಗಳ ಅಪಾಯ ಕಾಣಿಸದಿದ್ದರೂ, ಒಮ್ಮೆ ಮೈಗೆ ಒಗ್ಗದೆಹೋದರೆ ಜೀವಮಾನವಿಡೀ ಕಾಡುವ ಆಸ್ತಮಾವನ್ನು ತರಬಲ್ಲವು. ಯೂರೋಪಿನ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ, ಇವು ನೂರಕ್ಕೆ 0.1ಕ್ಕಿಂತ ಹೆಚ್ಚಾಗಿರುವ ಸರಕನ್ನು ವೃತ್ತಿಯಲ್ಲಿ ಬಳಸುವವನು ಮೊದಲು ತರಬೇತಿ ಪಡೆದಿರಲೇಬೇಕೆಂದು ಶಾಸನವಾಗಿದೆ. ಇಲ್ಲಿ ಮಿತಿಯನ್ನು ಗಾಳಿಗೆ ಹಾಕದೆ ಕೈಗೆ ಕಲಿಸುವ ವಿದ್ಯೆಯ ಮೂಲಕ ಹಾಕಿದ್ದಾರೆ.

ಮೂಗು ನಂಬತಕ್ಕ ಪರೀಕ್ಷಕನೂ ಅಲ್ಲ. ಒಂದು ಜಾತಿಯ ಸಿಲಿಕೋನ್ ಸೀಲೆಂಟ್ ಗಟ್ಟಿಯಾಗುವಾಗ ವಿನೆಗರಿನ ಹುಳಿವಾಸನೆ ಮೂಗಿಗೆ ಅಡರುತ್ತದೆ. ಎಲ್ಲರೂ ಕಿಟಕಿ ತೆರೆಯುತ್ತಾರೆ. ಇನ್ನೊಂದು ಜಾತಿಯದು ಅಷ್ಟೊಂದು ಚುರುಕಾದ ವಾಸನೆಯನ್ನು ಕೊಡದು. ಆದರೆ ಅದರಲ್ಲಿ ಹಲವು ಹೊರಬಿಡುವ ಬ್ಯುಟನೋನ್ ಆಕ್ಸೈಮ್ ಎಂಬುದನ್ನು ಯೂರೋಪಿನಲ್ಲಿ 2022ರಿಂದ ಕ್ಯಾನ್ಸರುಕಾರಕಗಳ ವರ್ಗಕ್ಕೆ ಸೇರಿಸಲಾಗಿದೆ.

ಎರವಲು ತಂದ ಅಂಕಿಗಳು

ಭಾರತಕ್ಕೆ ಈ ಮಿತಿಗಳು ಬಂದುದು ಹೆಚ್ಚಾಗಿ ಹಸಿರು ಕಟ್ಟಡಗಳ ದಾರಿಯಿಂದ. ಹೈದರಾಬಾದಿನ ಸೊಹ್ರಾಬ್ಜಿ ಗೋದ್ರೆಜ್ ಹಸಿರು ವ್ಯಾಪಾರ ಕೇಂದ್ರ 2003ರಲ್ಲಿ ಲೀಡ್ ಪದ್ಧತಿಯ ಅತ್ಯುನ್ನತ ದರ್ಜೆಯನ್ನು ಪಡೆದ ಬಳಿಕ, ಬೆಂಗಳೂರಿನ ಕಚೇರಿ ಸಂಕೀರ್ಣಗಳೂ ಅದೇ ಹಾದಿಯನ್ನು ತುಳಿದವು. ಲೀಡ್ ಅಂಟುಗಳಿಗೆ ಅಳತೆಗೋಲಾಗಿ ಹಿಡಿದುದು ಲಾಸ್ ಏಂಜಲೀಸಿನ 1168ನೆಯ ನಿಯಮವನ್ನೇ. ಹೀಗೆ ಹೊಗೆಮಂಜಿಗೆ ಹೆದರಿದ ಒಂದು ನಗರದ ಅಂಕಿಗಳು ಬೆಂಗಳೂರಿನ ಗುತ್ತಿಗೆದಾರನ ಖರೀದಿ ಪಟ್ಟಿಯಲ್ಲಿ ಕುಳಿತಿವೆ.

ಎರವಲು ತಪ್ಪಲ್ಲ. ಆದರೆ ಎರವಲು ತಂದ ಅಂಗಿಯ ಅಳತೆಯನ್ನು ನೋಡಿಕೊಳ್ಳಬೇಕು. ಯೂರೋಪಿನ ಕಲ್ಪಿತ ಕೋಣೆಯಲ್ಲಿ 23 ಡಿಗ್ರಿ. ಏಪ್ರಿಲ್ ಮೇ ತಿಂಗಳುಗಳಲ್ಲಿ ಕಲಬುರಗಿ, ರಾಯಚೂರುಗಳಲ್ಲಿ ಹೊರಗಿನ ಬಿಸಿಲು 40 ದಾಟುತ್ತದೆ. ಕಾವು ಏರಿದಷ್ಟೂ ಆವಿ ಹೊರಡುವ ವೇಗ ಏರುತ್ತದೆ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಹಾಕಿದ ಹಲಗೆಗೆ ಕಾವಿನ ಜೊತೆಗೆ ತೇವವೂ ಆಗದು. ಮಂಗಳೂರಿನ ಮಳೆಗಾಲದಂಥ ಹವೆಯಲ್ಲಿ ಅದು ಹೆಚ್ಚು ಫಾರ್ಮಾಲ್ಡಿಹೈಡನ್ನು ಬಿಡುತ್ತದೆ. ಆದುದರಿಂದ ವಿದೇಶದ ಗುರುತುಚೀಟಿಯನ್ನು ಎರಡು ಸರಕುಗಳಲ್ಲಿ ಯಾವುದು ಮೇಲೆಂದು ಹೋಲಿಸಲು ನಂಬಬಹುದು; ಇಲ್ಲಿನ ಕೋಣೆಯ ಗಾಳಿಯ ಭವಿಷ್ಯವನ್ನು ಹೇಳಲು ನಂಬಲಾಗದು.

ಮನೆ ಕಟ್ಟಿಸುವವರು ಈ ಅಂಕಿಗಳನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಮೂರು ಪ್ರಶ್ನೆಗಳು ಸಾಕು. ಡಬ್ಬಿಯ ಮೇಲಿನ ಅಂಕಿ ಒಳಗಿರುವ ದ್ರಾವಕದ್ದೋ, ಕೋಣೆಗೆ ಬರುವ ಆವಿಯದೋ? ಅದು ಎಲ್ಲ ಆವಿಗಳ ಮಾತೋ, ಒಂದೇ ಒಂದರದೋ? ಹಚ್ಚುವ ದಿನ ಕೋಣೆಯ ಕಿಟಕಿ ತೆರೆದಿರುತ್ತದೆಯೋ, ಮುಚ್ಚಿರುತ್ತದೆಯೋ?

ಮೂರನೆಯ ಪ್ರಶ್ನೆಗೆ ಉತ್ತರ ಯಾವ ದೇಶದ ಗುರುತುಚೀಟಿಯಲ್ಲಿಯೂ ಇಲ್ಲ. ಬಚ್ಚಲುಮನೆಯ ಇಕ್ಕಟ್ಟಿನಲ್ಲಿ ಕೊಳವೆ ಕೂಡಿಸುವವನಿಗೂ, ಧೂಳು ಬೀಳಬಾರದೆಂದು ಬಾಗಿಲು ಮುಚ್ಚಿ ಕಪಾಟಿಗೆ ಮೈಕಾ ಮೆತ್ತುವ ಬಡಗಿಗೂ ಆ ಉತ್ತರವೇ ಮುಖ್ಯ. ದ್ರಾವಕವಿಲ್ಲದ ಅಂಟು ಸಾಕಾಗುವೆಡೆ ಅದನ್ನೇ ತರಿಸುವುದು, ಸಾಲದ ಕಡೆ ಬೀಸಣಿಗೆಯಿಟ್ಟು ಗಾಳಿಗೆ ದಾರಿ ಮಾಡುವುದು, ಹತ್ತಿರ ಬೆಂಕಿ ಸುಳಿಯದಂತೆ ನೋಡಿಕೊಳ್ಳುವುದು, ನಡುನಡುವೆ ಹೊರಗೆ ಬಂದು ಉಸಿರಾಡಲು ಹೊತ್ತು ಕೊಡುವುದು ಮನೆಯ ಯಜಮಾನನ ಕೈಯಲ್ಲಿದೆ. 28 ದಿನಗಳ ಬಳಿಕ ಒಳಗೆ ಬರುವವರಿಗಾಗಿ ಜಗತ್ತಿನ ಪ್ರಯೋಗಶಾಲೆಗಳು ದುಡಿಯುತ್ತಿವೆ. ಇಂದು ಒಳಗಿರುವವನಿಗೆ ಕಿಟಕಿ ತೆರೆಯುವುದಕ್ಕೆ ಯಾವ ನಿಯಮದ ದಾರಿಯನ್ನೂ ಕಾಯಬೇಕಾಗಿಲ್ಲ.